ಕೆತ್ತಿದ್ದೋ, ಮುಚ್ಚಿದ್ದೋ

ಸಲಾಡ್ ಒಂದು. ಕಬ್ಬಿಣದ್ದು. ಒಳಗೆ ಬಟ್ಟೆಯ ಅಸ್ತರು.

ವಸ್ತುಸಂಗ್ರಹಾಲಯದ ಹೊಸ ಆಯುಧ ವಿಭಾಗಕ್ಕೆಂದು ಬರೆದು ಕಳಿಸಿದ್ದ ಫಲಕದ ಕರಡಿನಲ್ಲಿ ಹೀಗಿತ್ತು. ನಾನು ಮತ್ತೊಮ್ಮೆ ಓದಿದೆ. ನನ್ನ ಮೇಜಿನ ಮೇಲೆ, ಸ್ಪಂಜಿನ ಹಾಸಿಗೆಯಲ್ಲಿ ಕೂತಿದ್ದ ಮಧ್ಯಯುಗದ ಶಿರಸ್ತ್ರಾಣವನ್ನು ನೋಡಿದೆ. ಆಮೇಲೆ ಫೋನೆತ್ತಿ, ಅದನ್ನು ಬರೆದವರನ್ನು ಕೆಳಗೆ ಕರೆಸಿದೆ.

ನನ್ನ ಪ್ರಯೋಗಾಲಯ ಇರುವುದು ನೆಲಮಾಳಿಗೆಯಲ್ಲಿ. ಲೋಹದ ವಸ್ತುಗಳು ಹಾಳಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ರಸಾಯನಶಾಸ್ತ್ರ ಓದಿ ಬಂದವಳು ಇಡೀ ದಿನ ತುಕ್ಕಿನೊಂದಿಗೆ ಏಗುವುದರಿಂದ, ಕಾವಲಿನವರಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರ ಬಾಯಲ್ಲೂ ನಾನು ತುಕ್ಕಮ್ಮ. ಫಲಕಗಳನ್ನು ಬರೆಯಲು ಆ ವರ್ಷ ಬಂದವರು ನಿಘಂಟು ಕೆಲಸದವರು. ಅವರಿಗೊಂದು ಅಡ್ಡಹೆಸರು ಹುಡುಕಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಿಘಂಟು ಸರ್, ಅಷ್ಟೆ.

ಅವರು ಬಂದರು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮೇಜಿನಿಂದ ಸ್ವಲ್ಪ ದೂರದಲ್ಲೇ ನಿಂತರು. ಮುಟ್ಟಬಾರದೆಂದು ಯಾರೂ ಹೇಳದಿದ್ದರೂ ಹಾಗೆ ನಿಲ್ಲುವವರನ್ನು ಕಂಡರೆ ನನಗೆ ಗೌರವ.

"ಸರ್, ಇದನ್ನ ಯಾವುದರ ಜೊತೆ ತಿನ್ನಬೇಕು?"

ಅವರು ಶಿರಸ್ತ್ರಾಣವನ್ನೂ ನನ್ನನ್ನೂ ನೋಡಿದರು. ನಗಲಿಲ್ಲ. "ನಿಂಬೆಹಣ್ಣು ಹಿಂಡಿದ್ರೆ ತುಕ್ಕು ಹೋಗುತ್ತೆ ಅಂತಾರಲ್ಲ, ಹಂಗೇನಾದ್ರೂ..."

"ನಿಂಬೆಹಣ್ಣಿಗೆ ಈ ಬಾಗಿಲಲ್ಲಿ ಪ್ರವೇಶ ಇಲ್ಲ. ತಲೆಗೆ ಹಾಕೋ ವಸ್ತುನ ಸಲಾಡ್ ಅಂತ ಬರೆದಿದ್ದೀರಿ ನೀವು."

"ಅದರ ಹೆಸರೇ ಅದು, ಮೇಡಂ."

"ತಮಾಷೆ ಮಾಡಬೇಡಿ."

"ಇಲ್ಲ. ಇಟಾಲಿಯನ್ನಿನಲ್ಲಿ ಚೆಲಾತ. ಸ್ಪ್ಯಾನಿಷ್‌ಗೆ ಹೋಗಿ ಸೆಲಾದ ಆಯ್ತು. ಫ್ರೆಂಚ್‌ನೋರು ಸಲಾದ್ ಅಂದ್ರು, ಬರೆಯೋದು ಥೇಟ್ ತಿನ್ನೋ ಸಲಾಡಿನ ಹಾಗೇ. ಇಂಗ್ಲಿಷ್‌ನೋರು ಸ್ಯಾಲೆಟ್ ಮಾಡ್ಕೊಂಡ್ರು. ತಿನ್ನೋ ಸಲಾಡಿಗೂ ಇದಕ್ಕೂ ಸಂಬಂಧ ಇಲ್ಲ. ಆ ಪದ ಹುಟ್ಟಿದ್ದು ಉಪ್ಪು ಅನ್ನೋ ಮಾತಿನಿಂದ."

"ಉಪ್ಪು ನನ್ನ ಶತ್ರು," ಎಂದೆ. ಕಬ್ಬಿಣವನ್ನು ಒಳಗಿಂದೊಳಗೇ ತಿನ್ನುವುದು ಅದೇ.

ಆಗ ಅವರು ನಕ್ಕರು. ಬಾಯಿಂದಲ್ಲ, ಬರಿ ಕಣ್ಣಿಂದ. ಬಲಗಣ್ಣು ಎಡಗಣ್ಣಿಗಿಂತ ಒಂದು ಕ್ಷಣ ಮೊದಲು ಕಿರಿದಾಯಿತು. ಅದನ್ನು ಗಮನಿಸಿದ್ದಕ್ಕೆ ನನ್ನ ಬಳಿ ವೃತ್ತಿಪರ ಕಾರಣವೇನೂ ಇರಲಿಲ್ಲ.

*

ಆಮೇಲೆ ಅವರು ಕರೆಸದೆಯೂ ಬರತೊಡಗಿದರು.

ಶಿರಸ್ತ್ರಾಣದ ಮೈಯ ಬಹುಭಾಗವನ್ನು ಯಾವುದೋ ಕಾಲದ ಕಪ್ಪು ಬಣ್ಣ ಮುಚ್ಚಿತ್ತು. ನಾನು ಮೈಕ್ರೊಸ್ಕೋಪಿನ ಕೆಳಗೆ, ಹತ್ತಿ ಸುತ್ತಿದ ಕಡ್ಡಿಯಿಂದ, ಉಗುರಿನಗಲದಷ್ಟೇ ಜಾಗವನ್ನು ಒರೆಸಿ ನೋಡುತ್ತಿದ್ದೆ. ಅವರು ಪಕ್ಕದ ಸ್ಟೂಲಿನಲ್ಲಿ ಕೂತು ಮಾತಿನ ಕಥೆ ಹೇಳುತ್ತಿದ್ದರು.

"ಲ್ಯಾಟಿನ್‌ನಲ್ಲಿ ಎರಡು ಮಾತಿತ್ತು. ಕೈಲಾತ ಅಂದ್ರೆ ಕೆತ್ತಿದ್ದು. ಕೇಲಾತ ಅಂದ್ರೆ ಮುಚ್ಚಿದ್ದು. ಮಧ್ಯಯುಗದಲ್ಲಿ ಬರೆಯೋರು ಆ 'ಐ' ಬಿಟ್ಟು ಬರೀ 'ಏ' ಬರೆಯೋಕೆ ಶುರು ಮಾಡಿದ್ರು. ಎರಡೂ ಮಾತು ಒಂದೇ ಥರ ಕಾಣೋ ಹಾಗಾಯ್ತು. ಚೆಲಾತ ಎರಡರಲ್ಲಿ ಯಾವುದರ ಮಗಳು ಅಂತ ಈಗ ಜಗಳ."

"ಕೆತ್ತಿದ್ದೋ, ಮುಚ್ಚಿದ್ದೋ."

"ಅದೇ. ತುಂಬಾ ಜನ ಕೆತ್ತಿದ್ದು ಅಂತಾರೆ. ಕೆತ್ತನೆ ಮಾಡಿದ ಟೋಪಿ."

"ನೀವು?"

"ನನಗೆ ಮುಚ್ಚಿದ್ದು ಆಗಿರಲಿ ಅಂತ ಆಸೆ."

"ಸಾಕ್ಷಿ?"

"ಇಲ್ಲ. ಆಸೆ ಅಂದ್ನಲ್ಲ." ಅವರು ಬೆರಳಿನಿಂದ ಗಾಳಿಯಲ್ಲೇ ಏನೋ ಬರೆದು ಅಳಿಸಿದರು. "ಹಾಗಾದ್ರೆ ಇದು ಹೆಲ್ಮೆಟ್ಟಿಗೆ ದೂರದ ನೆಂಟ ಆಗುತ್ತೆ. ಹಳೇ ಜರ್ಮನ್ ಕಡೆಯ ಹೆಲ್ಮ್ ಇದೆಯಲ್ಲ, ಅದು ಊರೂರು ಸುತ್ತಿದ ಮಾತು. ಇಟಾಲಿಯನ್ನಿನಲ್ಲಿ ಎಲ್ಮೊ, ಸ್ಪ್ಯಾನಿಷ್‌ನಲ್ಲಿ ಯೆಲ್ಮೊ, ರಷ್ಯನ್‌ನಲ್ಲಿ ಶ್ಲೆಮ್. ಎಲ್ಲದರ ಬೇರೂ ಮುಚ್ಚೋದು, ಮರೆಮಾಡೋದು. ಸಂಸ್ಕೃತದ ಶರ್ಮನ್ ಕೂಡ ಅದೇ ಬೇರಿಂದು ಅಂತಾರೆ. ಅಲ್ಲಿ ಅರ್ಥ ಆಶ್ರಯ."

"ಮುಚ್ಚೋದು ಆಶ್ರಯ ಆಯ್ತು."

"ಆಗಲ್ವಾ?"

ಅವರ ದನಿ ಆ ಪ್ರಶ್ನೆಯಲ್ಲಿ ಬೇಕಾದುದಕ್ಕಿಂತ ತುಸು ತಗ್ಗಿತ್ತು. ನಾನು ತಲೆ ಎತ್ತದೆ, "ಬೆಟ್ ಕಟ್ತೀರಾ? ಈ ಬಣ್ಣದ ಕೆಳಗೆ ಕೆತ್ತನೆ ಸಿಕ್ಕರೆ ನೀವು ಸೋತ್ರಿ," ಎಂದೆ.

"ಕಾಫಿಗೆ ಬೇಕಾದ್ರೆ ಕಟ್ತೀನಿ. ಪದಕ್ಕಲ್ಲ. ಒಂದು ಟೋಪಿ ಮೇಲೆ ಕೆತ್ತನೆ ಇದ್ರೆ, ಆ ಹೆಸರು ಕೆತ್ತನೆಯಿಂದಲೇ ಬಂತು ಅಂತ ಆಗಲ್ಲ ಮೇಡಂ. ಇಲ್ಲದಿದ್ರೆ ನನ್ನ ಮಾತೇ ಗೆದ್ದಿತು ಅಂತಲೂ ಆಗಲ್ಲ."

ಕಡ್ಡಿ ನನ್ನ ಕೈಯಲ್ಲೇ ನಿಂತಿತು. ಅದು ನಾನು ಹೇಳಬೇಕಾಗಿದ್ದ ಮಾತು. ಹೆಣ್ಣುಮಕ್ಕಳು ಯಾವ ಗಳಿಗೆಯಲ್ಲಿ ಸೋಲುತ್ತಾರೆಂದು ಕತೆಗಳಲ್ಲಿ ಬೇರೆ ಬೇರೆ ಕಾರಣ ಕೊಡುತ್ತಾರೆ. ನಾನು ಸೋತದ್ದು, ತನಗೆ ಲಾಭವಿದ್ದಾಗಲೂ ತಪ್ಪು ತೀರ್ಮಾನಕ್ಕೆ ಹಾರದವನೊಬ್ಬನನ್ನು ಅಷ್ಟು ಹತ್ತಿರದಿಂದ ಕಂಡದ್ದಕ್ಕೆ. ನನ್ನ ಮನಸ್ಸಿನಲ್ಲಿ 'ಅವರು' ಅಂದು 'ಅವನು' ಆದ. ಬಾಯಲ್ಲಿ ಮಾತ್ರ ಸರ್ ಹಾಗೆಯೇ ಉಳಿಯಿತು.

*

ಅವನ ಊಟದ ಡಬ್ಬಿಯಲ್ಲಿ ಯಾವಾಗಲೂ ಒಬ್ಬರಿಗೆ ಜಾಸ್ತಿಯಾಗುವಷ್ಟು ಇರುತ್ತಿತ್ತು.

"ಯಾರು ಕಟ್ಟಿ ಕಳಿಸೋದು?" ಎಂದು ಕೇಳಿದ್ದೆ.

"ಅತ್ತೆ."

ನನ್ನನ್ನು ಬೆಳೆಸಿದವಳು ಅಪ್ಪನ ಅಕ್ಕ. ಅತ್ತೆ ಎಂದರೆ ನನ್ನ ಕಿವಿಗೆ ಅವಳೊಬ್ಬಳೇ: ಬೈಯುತ್ತ ತಲೆ ಬಾಚುವವಳು, ಪರೀಕ್ಷೆಯ ಬೆಳಗ್ಗೆ ಬಾಗಿಲ ತನಕ ಬರುವವಳು. ಇವನಿಗೂ ಅಂಥವಳೊಬ್ಬಳು ಇದ್ದಾಳೆಂದು ಖುಷಿಯಾಯಿತು. ಮತ್ತೇನನ್ನೂ ಕೇಳಲಿಲ್ಲ.

ಅವನ ಅತ್ತೆ ದರ್ಜಿ ಕೆಲಸದವರು. ಶಿರಸ್ತ್ರಾಣದ ಒಳಗಿನ ಅಸ್ತರು ಎಂದೋ ಪುಡಿಯಾಗಿತ್ತು. ಪ್ರದರ್ಶನಕ್ಕೆ ಹೊಸದೊಂದು ಬೇಕಿತ್ತು. "ನಮ್ಮತ್ತೆ ಹೊಲೀತಾರೆ," ಎಂದು ಅವನೇ ಹೇಳಿದ. ನಾನು ಅಳತೆ ಕೊಟ್ಟೆ. ಮಾದರಿಯ ಬಟ್ಟೆ ಬಂತು. ನಾನು ಎಳೆ ಬಿಡಿಸಿ ನೋಡಿ, ಹೊಲಿಗೆ ಬಿಗಿಯಾಯಿತೆಂದು ಹೇಳಿ ಕಳಿಸಿದೆ. ಮರುದಿನ ಅವನ ಬಾಯಲ್ಲಿ ಉತ್ತರ ಬಂತು.

"ತುಕ್ಕಮ್ಮನಿಗೆ ಹೇಳು, ಸೂಜಿ ಹಿಡಿಯೋಕೆ ಬಂದ್ರೆ ಬಂದು ಹೊಲಿದುಕೊಳ್ಳಲಿ ಅಂದ್ರು."

"ನನ್ನ ಅಡ್ಡಹೆಸರು ಮನೆ ತನಕ ಹೋಯ್ತಾ?"

"ನಿಮ್ಮ ವಿಷಯ ದಿನಾ ಹೋಗುತ್ತೆ," ಎಂದವನೇ ಕಿವಿ ಕೆಂಪಾಗಿ ಡಬ್ಬಿಯ ಮುಚ್ಚಳ ಹುಡುಕತೊಡಗಿದ. ಮುಚ್ಚಳ ಅವನ ಕೈಯಲ್ಲೇ ಇತ್ತು.

ಇನ್ನೇನು ಪುರಾವೆ ಬೇಕು? ಒಂದು ಸಂಜೆ, ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಬಿಸಿಲು ಇನ್ನೂ ಅಂಗಡಿಗಳ ಗಾಜಿನ ಮೇಲಿದ್ದಾಗ, ನಾನೇ ಕೇಳಿದೆ. ಸಿದ್ಧಪಡಿಸಿಕೊಂಡ ವಾಕ್ಯವದು.

"ಒಂದು ಭಾನುವಾರ ನಿಮ್ಮ ಅತ್ತೆ ಹತ್ರ ಬರ್ತೀನಿ. ನಿಮ್ಮನ್ನ ನನಗೆ ಕೊಡ್ತಾರಾ ಅಂತ ಕೇಳೋಕೆ. ನೀವು ಬೇಡ ಅಂದ್ರೆ ಬರಲ್ಲ."

ಅವನ ಮುಖದಲ್ಲಿ ಬೆಳಕು ಬಂತು. ಅದನ್ನು ನಾನು ಖಂಡಿತ ಕಂಡೆ. ಮರುಗಳಿಗೆ ಯಾರೋ ಒಳಗಿನಿಂದ ಪರದೆ ಎಳೆದಂತಾಯಿತು.

"ಮೇಡಂ... ಅತ್ತೆ ಅಂದ್ರೆ ನನ್ನ ಹೆಂಡತಿಯ ತಾಯಿ."

ರಸ್ತೆಯ ಸದ್ದೆಲ್ಲ ದೂರ ಹೋಯಿತು.

"ಹೆಂಡತಿ," ಎಂದೆ.

"ಹೌದು. ನನ್ನ ಹೆಂಡತಿ..."

ಅವನ ತುಟಿ ಅಲುಗಿತು. ನಾನು ಮುಂದಿನ ಕ್ರಿಯಾಪದಕ್ಕೆ ಕಾದೆ. ಊರಲ್ಲಿದ್ದಾಳೆ, ಬಿಟ್ಟು ಹೋಗಿದ್ದಾಳೆ, ಒಪ್ಪುವುದಿಲ್ಲ, ಯಾವುದಾದರೊಂದು. ಲಕ್ಷ ಪದಗಳ ನಿಘಂಟು ತಿದ್ದುವ ಮನುಷ್ಯನ ಬಾಯಿಗೆ ಒಂದು ಕ್ರಿಯಾಪದ ಬರಲಿಲ್ಲ. ಬಸ್ಸು ಬಂತು. ನಾನು ಹತ್ತಿದೆ.

ಅವನು ಸುಳ್ಳು ಹೇಳಿರಲಿಲ್ಲ. ಒಂದು ಮಾತಿಗೆ ಎರಡು ಅರ್ಥವಿತ್ತು. ನಾನು ನನ್ನದನ್ನು ಎತ್ತಿಕೊಂಡಿದ್ದೆ. ಕಿಟಕಿಯ ಪಕ್ಕ ಕೂತು ಇದನ್ನು ಕ್ರಮವಾಗಿ ಯೋಚಿಸಿದೆ. ಕ್ರಮವಾಗಿ ಯೋಚಿಸಿದರೆ ಅಳು ಬರುವುದಿಲ್ಲವೆಂಬ ನನ್ನ ನಂಬಿಕೆ ಅಂದು ಸುಳ್ಳಾಯಿತು.

*

ಅವನು ಕೆಳಗೆ ಬರುವುದು ನಿಂತಿತು. ಪಕ್ಕದ ಸ್ಟೂಲನ್ನು ನಾನು ಗೋಡೆಗೆ ಸರಿಸಿದೆ.

ಕೆಲಸ ಮಾತ್ರ ಸಾಗಿತು. ಬಣ್ಣ ತೆಳುವಾದಲ್ಲಿ ಒಂದು ಗೆರೆ ಕಂಡಿತು. ಗೀರು ಎಂದುಕೊಂಡೆ. ಅದು ಬಾಗಿತು, ಕವಲೊಡೆಯಿತು, ಪುಟ್ಟ ಎಲೆಯಾಯಿತು. ಕಬ್ಬಿಣದ ಮೇಲೆ ಉಳಿಯ ತುದಿಯಿಂದ ಎಳೆದ ಬಳ್ಳಿ. ಹಿಂದೆಂದೋ ಬಣ್ಣ ಉದುರಿಹೋಗಿದ್ದ ಕಡೆಯಲ್ಲೆಲ್ಲ ಮೈ ಸವೆದು ಬರಿದಾಗಿತ್ತು. ಬಣ್ಣ ಉಳಿದ ಕಡೆ ಬಳ್ಳಿಯೂ ಉಳಿದಿತ್ತು. ನಾನು ಬೆಟ್ ಗೆದ್ದಿದ್ದೆ. ಹೇಳಲು ಯಾರೂ ಇರಲಿಲ್ಲ.

ಆ ಹೊತ್ತಿಗೇ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ನರೆತ ಕೂದಲು, ಕೊರಳಲ್ಲಿ ಮರೆತ ಅಳತೆಯ ಟೇಪು, ಕೈಯಲ್ಲೊಂದು ಚೀಲ.

"ತುಕ್ಕಮ್ಮ ನೀನೇನಾ?"

"ಹೌದಮ್ಮ."

"ನನ್ನ ಹೊಲಿಗೆಗೆ ಹೆಸರಿಟ್ಟೋಳು ಇಷ್ಟು ಚಿಕ್ಕೋಳು ಅಂದ್ಕೊಂಡಿರಲಿಲ್ಲ." ಚೀಲದಿಂದ ಅಸ್ತರು ತೆಗೆದು ಮೇಜಿನ ಮೇಲಿಟ್ಟರು. ಕೆಂಪು ಬಟ್ಟೆ, ಒಳಗೆ ಹತ್ತಿ ತುಂಬಿ ಪಟ್ಟಿ ಪಟ್ಟಿಯಾಗಿ ಹೊಲಿದದ್ದು. "ಅವನ ಕೈಯಲ್ಲಿ ಕಳಿಸೋಣ ಅಂದ್ರೆ ಕೆಳಗೆ ಹೋಗಲ್ಲ ಅಂತಾನೆ. ಡಬ್ಬಿ ಮುಟ್ಟದೆ ವಾಪಸ್ ತರ್ತಾನೆ. ಏನಂದೆ ಅವನಿಗೆ?"

ಯಾರ ಗಂಡನನ್ನು ಕೇಳಿದ್ದೆನೋ ಅವಳ ತಾಯಿಯ ಮುಂದೆ ನಿಂತಿದ್ದೆ. "ತಪ್ಪಾಯ್ತಮ್ಮ. ಅವರಿಗೆ ಹೆಂಡತಿ ಇದ್ದಾರೆ ಅಂತ ನನಗೆ ಗೊತ್ತಿರಲಿಲ್ಲ."

"ಇದ್ದಾರೆ ಅಂತ ಹೇಳಿದ್ನಾ?"

"ಹೆಂಡತಿ ಅಂದ್ರು. ಮುಂದೆ ಏನೂ ಹೇಳಲಿಲ್ಲ."

ಆಕೆ ಗೋಡೆಯ ಪಕ್ಕದ ಸ್ಟೂಲನ್ನು ತಾವೇ ಎಳೆದುಕೊಂಡು ಕೂತರು. ಸ್ವಲ್ಪ ಹೊತ್ತು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ನನ್ನ ಮಗಳು ತೀರಿಕೊಂಡು ಐದು ವರ್ಷ ಆಯ್ತು ಕಣಮ್ಮ. ಜ್ವರ ಅಂತ ಮಲಗಿದೋಳು ಏಳಲಿಲ್ಲ."

ಗೋಡೆಯಲ್ಲಿ ಗಾಳಿ ಎಳೆಯುವ ಫ್ಯಾನು ತಿರುಗುತ್ತಿತ್ತು. ನಾನು ಅದನ್ನು ಆರಿಸಿದೆ.

"ಅವತ್ತಿಂದ ಅವನು ಅವಳ ಮಾತೇ ಎತ್ತಲ್ಲ. ಫೋಟೋಗೆ ಬಟ್ಟೆ ಸುತ್ತಿ ಬೀರುವಿನ ಮೇಲಿಟ್ಟಿದ್ದಾನೆ. ನಾನು ಅವಳ ಹೆಸರು ಹೇಳಿ ಅತ್ತರೆ ಅವನಿಗೆ ನೋವಾಗುತ್ತೆ ಅಂತ ನಾನೂ ಬಾಯಿ ಮುಚ್ಕೊಂಡೆ. ಅವನು ನನ್ನ ಮನೇಲಿದ್ದಾನೋ, ನಾನು ಅವನ ಮನೇಲಿದೀನೋ ಗೊತ್ತಿಲ್ಲ. ಇಬ್ಬರೂ ಹೊರಡಲಿಲ್ಲ, ಅಷ್ಟೆ." ಆಕೆ ಮೂಗು ಒರೆಸಿಕೊಂಡರು. "ಮಗಳನ್ನ ಮರೀಲಿ ಅಂತ ನಾನು ಹೇಳ್ತಿಲ್ಲ. ಬಾಯಿ ಬಿಡಲಿ. ಅವಳ ಬಗ್ಗೆ ನನ್ನ ಜೊತೆ ಮಾತಾಡೋಕೆ ಈ ಲೋಕದಲ್ಲಿ ಇರೋದು ಅವನೊಬ್ಬನೇ."

"ನಾನು ಏನು ಮಾಡ್ಲಿ ಅಮ್ಮ?"

"ನನಗೇನು ಗೊತ್ತು? ತುಕ್ಕು ತೆಗೆಯೋಳು ನೀನು."

ಎದ್ದು ಬಾಗಿಲ ತನಕ ಹೋದವರು ತಿರುಗಿದರು. "ಇನ್ನೊಂದು ಹೇಳ್ತೀನಿ, ನಗಬೇಡ. ಅವನಿಗೆ ಇನ್ನೊಂದು ಮದುವೆ ಆಗಲಿ ಅಂತ ದಿನಾ ಬೇಡ್ಕೋತೀನಿ. ಆದ್ಮೇಲೆ ನಾನು ಅವನಿಗೆ ಏನಾಗ್ತೀನಿ ಅಂತ ಭಯಾನೂ ಆಗುತ್ತೆ."

ನಾನು ನಗಲಿಲ್ಲ.

*

ಮರುದಿನ ಮೇಲಿನ ಮಹಡಿಗೆ ಫೋನು ಮಾಡಿದೆ. "ಬೆಟ್ ಸೋತಿದ್ದೀರಿ. ಬಂದು ನೋಡಿ."

ಅವನು ಬಂದ. ಕೈಗಳು ಬೆನ್ನ ಹಿಂದೆ. ನಾನು ಮೈಕ್ರೊಸ್ಕೋಪನ್ನು ಬಿಟ್ಟುಕೊಟ್ಟೆ. ಅವನು ಬಹಳ ಹೊತ್ತು ಬಗ್ಗಿಯೇ ಇದ್ದ.

"ಬಳ್ಳಿ," ಎಂದ.

"ಬಣ್ಣ ಮುಚ್ಚಿತ್ತು, ಅದಕ್ಕೇ ಉಳಿದಿದೆ."

"ಹಾಗಾದ್ರೆ ಪೂರ್ತಿ ತೆಗೀತೀರಾ ಬಣ್ಣನ?"

"ಇಲ್ಲ." ನಾನು ಅವನ ಕಡೆ ನೋಡದೆ ಹೇಳಿದೆ. "ಎಲ್ಲವನ್ನೂ ಉಜ್ಜಿ ಹೊಳಪು ಮಾಡೋದು ನಮ್ಮ ಕೆಲಸ ಅಲ್ಲ. ತುಕ್ಕಿನಲ್ಲಿ ಎರಡು ಥರ ಸರ್. ಒಂದು ಗಟ್ಟಿಯಾಗಿ ಕೂತು ಒಳಗಿನ ಕಬ್ಬಿಣನ ಕಾಯುತ್ತೆ. ಅದನ್ನ ಮುಟ್ಟಲ್ಲ. ಇನ್ನೊಂದು ಮೇಲೆ ಸುಮ್ಮನಿದ್ದ ಹಾಗೆ ಕಾಣುತ್ತೆ, ಕೆಳಗೆ ತಿಂತಾ ಇರುತ್ತೆ. ಅದನ್ನ ಬಿಟ್ರೆ ಒಂದು ದಿನ ಮೇಲಿನ ಪದರದ ಜೊತೆ ಕೆತ್ತನೇನೂ ಕಿತ್ಕೊಂಡು ಬರುತ್ತೆ. ಬಳ್ಳಿ ಉಳೀಬೇಕು ಅಂತಲೇ ತೆರೆಯೋದು ನಾವು."

ಅವನು ನನ್ನ ಮೇಜಿನ ಪೆನ್ಸಿಲ್ ಎತ್ತಿಕೊಂಡು, ಹೀರುಕಾಗದದ ಮೂಲೆಯಲ್ಲಿ ಒಂದರ ಕೆಳಗೊಂದು ಎರಡು ಪದ ಬರೆದ. ಒಱೆ. ಒರೆ.

"ಹಳಗನ್ನಡದಲ್ಲಿ ಇವೆರಡೂ ಬೇರೆ," ಎಂದ. "ಮೊದಲನೇದು ಕತ್ತಿಯ ಒರೆ. ಮುಚ್ಚಿಡೋದು. ಎರಡನೇದು ಅಂದ್ರೆ ಹೇಳು, ಮಾತಾಡು. ಕಾಲ ಕಳೀತಾ ಆ ಹಳೇ ಅಕ್ಷರ ಬಿದ್ದುಹೋಯ್ತು. ಈಗ ಎರಡಕ್ಕೂ ಒಂದೇ ಬರಹ. ಲ್ಯಾಟಿನ್ನಿನ ಕಥೇನೇ ನಮ್ಮಲ್ಲೂ." ಪೆನ್ಸಿಲಿನ ತುದಿ ಮೇಲಿನ ಪದದ ಮೇಲೆ ನಿಂತಿತ್ತು. "ನಾನು ಇದೊಂದರಲ್ಲೇ ಇದ್ದುಬಿಟ್ಟೆ."

"ಅತ್ತೆ ಬಂದಿದ್ರು," ಎಂದೆ. "ನನಗೆ ವಿಷಯ ಗೊತ್ತು. ಆದ್ರೂ ನೀವೇ ಹೇಳಬೇಕು ಅಂತ ನನ್ನ ಆಸೆ."

ಅವನು ಸ್ಟೂಲಿನಲ್ಲಿ ಕೂತ.

"ಅವತ್ತು ಬಸ್ ಸ್ಟಾಪಿನಲ್ಲಿ ಎಲ್ಲಾ ಮಾತೂ ಬಾಯಿ ತನಕ ಬಂತು. ತೀರಿಕೊಂಡಳು. ಹೋಗಿಬಿಟ್ಟಳು. ಇಲ್ಲವಾದಳು. ನಮ್ಮ ಭಾಷೇಲಿ ಎಷ್ಟಿವೆ ಗೊತ್ತಾ? ನಾನೇ ಅರ್ಥ ಬರೆದಿದ್ದೀನಿ ಅವಕ್ಕೆಲ್ಲ. ಒಂದನ್ನೂ ಅವಳ ಹೆಸರಿನ ಮುಂದೆ ಇಡೋಕೆ ಆಗಲಿಲ್ಲ."

ಅವನು ಉಸಿರು ತೆಗೆದುಕೊಂಡ.

"ನನ್ನ ಹೆಂಡತಿ ಸತ್ತುಹೋದಳು," ಎಂದ.

ಎಲ್ಲಕ್ಕಿಂತ ಒರಟಾದ ಮಾತನ್ನೇ ಆರಿಸಿದ್ದ. ಹೇಳಿ, ಯಾವುದೋ ಪೆಟ್ಟು ಬೀಳುವುದೆಂದು ಕಾಯುವವನಂತೆ ಕೂತ. ಪೆಟ್ಟು ಬೀಳಲಿಲ್ಲ. ಕಣ್ಣಿನಿಂದ ನೀರು ಇಳಿಯಿತು. ಆಮೇಲೆ ಮಾತು ತಾನಾಗಿ ಬಂತು. ಅವಳಿಗೆ ಸುಳ್ಳು ಹೇಳುವಾಗ ಬಿಕ್ಕಳಿಕೆ ಬರುತ್ತಿತ್ತು. ಗುಂಡಿ ಹೊಲಿಯಲು ಬಾರದ ದರ್ಜಿಯ ಮಗಳು. ಅವನು ಪದದ ಕಥೆ ಶುರುಮಾಡಿದರೆ ಸಾಕು, ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದಳು. ಅವನು ನಗುತ್ತ ಅಳುತ್ತ ಹೇಳಿದ. ನಾನು ಕೇಳಿದೆ. ನನಗೆ ಹೊಟ್ಟೆಕಿಚ್ಚಾಗಬಹುದೆಂದು ಹೆದರಿದ್ದೆ. ಆಗಲಿಲ್ಲ. ಅವಳನ್ನು ನೋಡಬೇಕಿತ್ತು ಎನಿಸಿತು.

ಕೊನೆಗೆ ಅವನು, "ನಿಮಗೆ ಹೇಳದೇ ಇದ್ದದ್ದು ಅವಳನ್ನ ಮುಚ್ಚಿಟ್ಟು ನಿಮ್ಮನ್ನ ಪಡೀಬೇಕು ಅಂತಲ್ಲ," ಎಂದ. "ಆದ್ರೆ ಅವಳು ಹೋಗಲ್ಲ. ನನ್ನೊಳಗೆ ಕೆತ್ತಿದ್ದು ಅದು. ನಿಮ್ಮ ಮೇಲಿರೋದು ಅದಕ್ಕಿಂತ ಕಡಿಮೆ ಪ್ರೀತಿ ಅಂತ ನಿಮಗೆ ಅನಿಸಿದ್ರೆ..."

"ನಾನು ಕೆತ್ತನೆ ಉಜ್ಜಿ ತೆಗೆಯೋಳಲ್ಲ," ಎಂದೆ. "ಅಷ್ಟೂ ಗೊತ್ತಾಗಲಿಲ್ವಾ ಇಷ್ಟು ದಿನ ಕೂತು ನೋಡಿ?"

ಬಲಗಣ್ಣು ಒಂದು ಕ್ಷಣ ಮೊದಲು ಕಿರಿದಾಯಿತು. ಬೆನ್ನ ಹಿಂದೆ ಇರುತ್ತಿದ್ದ ಕೈ ಮೇಜಿನ ಮೇಲೆ ಬಂತು. ನಾನು ಕೈಗವಸು ತೆಗೆದು, ನನ್ನ ಕೈಯನ್ನು ಅದರ ಮೇಲಿಟ್ಟೆ.

*

ಪ್ರದರ್ಶನ ತೆರೆಯುವ ಬೆಳಗ್ಗೆ, ಜನ ಬರುವ ಮೊದಲು, ನಾವು ಮೂವರೂ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದೆವು. ಅಸ್ತರನ್ನು ಒಳಗೆ ಕೂರಿಸಲು ಅದನ್ನು ಹೊಲಿದವರೇ ಬೇಕೆಂದು ನಾನು ಹಟ ಹಿಡಿದಿದ್ದೆ. ಆಕೆ ಕೈಗವಸು ಹಾಕಿಕೊಂಡು, ಬಯ್ಯುತ್ತಲೇ, ಕೆಂಪು ಬಟ್ಟೆಯನ್ನು ಕಬ್ಬಿಣದ ಒಳಮೈಗೆ ಸರಿಯಾಗಿ ಹೊಂದಿಸಿದರು.

ಹಿಂದಿನ ಭಾನುವಾರ ನಾನು ಅವರ ಮನೆಗೆ ಹೋಗಿ, ಅವನನ್ನು ನನಗೆ ಕೊಡುತ್ತೀರಾ ಎಂದು ಕೇಳಿ, ಹೂಂ ಅನ್ನಿಸಿಕೊಂಡಿದ್ದೆ. ಫೋಟೋದ ಬಟ್ಟೆ ಬಿಚ್ಚಿತ್ತು. ಅದರಲ್ಲಿದ್ದವಳು ಏನೋ ಸುಳ್ಳು ಹೇಳಿ ಬಿಕ್ಕಳಿಸುವ ಮುಂಚಿನ ಮುಖ ಮಾಡಿಕೊಂಡಿದ್ದಳು. ಅಳಿಯ ಅತ್ತೆ ಇಬ್ಬರೂ ಒಬ್ಬರ ಮಾತಿಗೊಬ್ಬರು ಅಡ್ಡ ಬರುತ್ತ, ಅವಳ ಬಗ್ಗೆ ಹೇಳಿದ್ದೇ ಹೇಳಿದ್ದು.

ಅವನು ಹೊಸ ಫಲಕವನ್ನು ಗೋಡೆಗೆ ಹಚ್ಚಿದ. ಹಳೆಯ ವಾಕ್ಯಗಳ ಕೆಳಗೆ ಒಂದು ಸೇರಿತ್ತು: ಈ ಹೆಸರಿನ ಮೂಲ ಕೆತ್ತಿದ್ದು ಎಂಬ ಮಾತೋ, ಮುಚ್ಚಿದ್ದು ಎಂಬ ಮಾತೋ, ಇನ್ನೂ ನಿಶ್ಚಯವಾಗಿಲ್ಲ.

"ನಿಶ್ಚಯ ಆಗದೇ ಇರೋದನ್ನ ಗೋಡೆಗೆ ಹಾಕ್ತಾರಾ?" ಎಂದರು ಆಕೆ.

"ಆಗಿಲ್ಲ ಅಂತ ಹಾಕಬಹುದು," ಎಂದೆವು ಇಬ್ಬರೂ ಒಟ್ಟಿಗೆ.

"ಸರಿಹೋಯ್ತು. ಜೋಡಿ ಅಂದ್ರೆ ಜೋಡಿ." ಆಕೆ ಕೈಗವಸು ಕಳಚಿ, ಮಡಚಿ, ಮತ್ತೆ ಮಡಚಿದರು. ಆಮೇಲೆ ಅವನಿಗೆ ಕೇಳಿಸದಷ್ಟು ಮೆಲ್ಲಗೆ ನನಗೆ ಹೇಳಿದರು. "ಹೊಲಿಗೆ ಮಷಿನ್ನನ್ನ ತಂಗಿ ಮನೆಗೆ ಸಾಗಿಸೋಕೆ ಗಾಡಿಗೆ ಹೇಳಿದ್ದೀನಿ. ಹೊಸ ಸಂಸಾರ ನಿಮ್ದು. ನಾನಲ್ಲಿ ಯಾರು ಅಂತ ಇರಲಿ?"

ನಾನು ಫಲಕದ ಕಡೆ ಕೈ ತೋರಿಸಿದೆ. "ಅದನ್ನ ಓದಿ."

"ಕನ್ನಡಕ ತಂದಿಲ್ಲ. ನೀನೇ ಓದು."

"ಸಲಾಡ್ ಒಂದು. ಕಬ್ಬಿಣದ್ದು. ಒಳಗೆ ಬಟ್ಟೆಯ ಅಸ್ತರು."

"ಅದಕ್ಕೆ?"

"ಅಸ್ತರು ಇಲ್ಲದಿದ್ರೆ ಕಬ್ಬಿಣ ತಲೆಗೆ ಒತ್ತುತ್ತೆ. ಯಾರೂ ಹಾಕ್ಕೊಳ್ಳಲ್ಲ. ಗಾಡಿಯೋನಿಗೆ ಬೇಡ ಅಂತ ಹೇಳಿ, ಅತ್ತೆ."

ಆ ಕೊನೆಯ ಪದ ನನ್ನ ಬಾಯಿಂದ ಹೊರಬಿದ್ದ ಮೇಲೆಯೇ ಅದರ ಅರ್ಥ ನನಗೂ ಕಂಡಿತು. ಗಂಡನ ಮನೆಯ ಹಿರಿಯಳನ್ನು ಹೆಣ್ಣು ಕರೆಯುವುದೂ ಹಾಗೆಯೇ. ಅವನ ಅತ್ತೆ ನನಗೂ ಅತ್ತೆಯಾಗಲು ಹೊಸ ಪದ ಬೇಕಾಗಿರಲಿಲ್ಲ.

ಆಕೆ ಗಾಜಿನ ಕಡೆ ತಿರುಗಿದರು. ಒಳಗಿನ ಕೆಂಪು ಬಟ್ಟೆಯನ್ನು ನೋಡುತ್ತ ಕೊರಳ ಟೇಪನ್ನು ಹಿಡಿದುಕೊಂಡರು. ಸೊಸೆಯ ಮುಂದೆ ಅಳುವುದು ಸರಿಯಲ್ಲವೆಂದು ತೀರ್ಮಾನಿಸಿದಂತೆ ಗಂಟಲು ಸರಿಮಾಡಿಕೊಂಡರು.

"ಬಲಗಡೆ ಹೊಲಿಗೆ ಸ್ವಲ್ಪ ಬಿಗಿಯಾಯ್ತು," ಎಂದರು. "ಅವತ್ತೇ ಹೇಳಿದ್ದೆ ನೀನು."